ನಾಲ್ಕು ಗಂಟೆಯ ಫೋನು, ಆಮೇಲೆ ಫುಗಡಿ

ಮಾಳಮಡ್ಡಿ, ಧಾರವಾಡ
೧೨ ಜುಲೈ ೨೦೨೫, ಶನಿವಾರ

ಚಿ. ಸೌ. ಭಾಗ್ಯಶ್ರೀಗೆ ರಾಜಶೇಖರ ಕಾಕಾನ ಅನೇಕ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಚಿಗವ್ವನೂ ಆರಾಮ ಇದ್ದೇವೆ. ಪತ್ರದ ಮೊದಲ ಸಾಲಿಗೆ ಇದನ್ನು ಎಲ್ಲರೂ ರೂಢಿಯಿಂದ ಬರೆಯುತ್ತಾರೆ. ನಾನು ಈ ಸಲ ನೋಡಿ, ಖಾತ್ರಿ ಮಾಡಿಕೊಂಡು ಬರೆದಿದ್ದೇನೆ. ಬಾಗಲಕೋಟೆಯಲ್ಲಿ ನೀನೂ ಉದಯಕುಮಾರನೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ.

ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋದ ತಿಂಗಳು ನಿನ್ನ ಶಾಲೆ ಶುರುವಾದ ಹೊಸದರಲ್ಲಿ ನೀನು ಫೋನ್ ಮಾಡಿ, ಅಳುತ್ತ ಕೇಳಿದ್ದೆ: "ಕಾಕಾ, ದಿನಾ ನಾಲ್ಕಕ್ಕ ನಾ ಅವ್ವ ಆಗಬೇಕು. ಹಿಂಗಾದ್ರ ನನ್ನ ಪಾಲಿಗೆ ಅವ್ವ ಸಾಯೋದು ಯಾವಾಗರಿ?" ನಾನು "ಸ್ವಲ್ಪ ತಡಿಯವಾ, ಹೇಳತೇನಿ" ಎಂದೆ. ಹೇಳಲಿಲ್ಲ. ಉತ್ತರ ನನ್ನ ಹತ್ತಿರ ಇರಲಿಲ್ಲ. ಈ ಮಂಗಳವಾರ ಸಿಕ್ಕಿತು. ಸಿಕ್ಕಿದ್ದು ನಿಲ್ಲುತ್ತದೋ ಇಲ್ಲವೋ ಎಂದು ಮೂರ್ನಾಲ್ಕು ದಿನ ಕಾದು ನೋಡಿ ಈಗ ಬರೆಯಲು ಕೂತಿದ್ದೇನೆ.

ಈ ವಾರ ನಿನ್ನ ಚೀಲದಲ್ಲಿರುವ ನಿನ್ನ ಅವ್ವ ಕಸ್ತೂರೆವ್ವನ ಫೋನು ನಾಲ್ಕು ಗಂಟೆಗೆ ರಿಂಗಾಗಲಿಲ್ಲ. ನೀನು ಗಾಬರಿಯಾಗಿ ನನ್ನ ನಂಬರಿಗೆ ಮಾಡಿದೆ. "ಮಲಗ್ಯಾಳವಾ, ಆರಾಮ ಅದಾಳ" ಎಂದು ಇಟ್ಟುಬಿಟ್ಟೆ. ನಿನ್ನ ಚಿಗವ್ವ ಮಲಗಿರಲಿಲ್ಲ. ನನ್ನ ಎದುರಿಗೇ ಕೂತು ಶೇಂಗಾ ಸುಲಿಯುತ್ತಿದ್ದಳು. ಪತ್ರ ಬರೆಯಿರಿ ಎಂದವಳೂ ಅವಳೇ. "ಫೋನಿನ್ಯಾಗ ಬ್ಯಾಡ. ಫೋನ್ ಬಂತಂದ್ರ ಆ ಹುಡುಗಿ ಎದಿ ಹಿಡಕೊಂಡು ನಿಂದರತೈತಿ" ಎಂದಳು.

ಇಷ್ಟು ಓದಿದ ಮೇಲೆ ನಿನಗೆ ತಿಳಿದಿರಬೇಕು. ಹೌದು ಭಾಗ್ಯಾ, ನಿನ್ನ ಚಿಗವ್ವನಿಗೆ ಗೊತ್ತಾಗಿದೆ.

ಹೇಗೆ ಗೊತ್ತಾಯಿತು ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಬೇಸರಪಡಬೇಡ. ನಸುಕಿನ ಗಾಡಿಗೆ ಬರುವ ಪೇಪರಿನ ಗಂಟುಗಳನ್ನು ಧಾರವಾಡ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳುತ್ತಿದ್ದ ಏಜೆಂಟನ ಮಗ ನಾನು. ಆಮೇಲೆ ನಾನೇ ಏಜೆಂಟನಾದೆ. "ನಿನ್ನಿನ ಪೇಪರ್ ಓದದಾಂವಗೂ ಇವತ್ತಿಂದು ತಿಳೀಬೇಕು" ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ಚಟ ಹೋಗಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ನಿನ್ನ ಅವ್ವ ತೀರಿಕೊಂಡರು. ಅವರ ಕೊನೆಯ ವಾರ ನಿನ್ನ ಚಿಗವ್ವ ನಿಮ್ಮ ಮನೆಯಲ್ಲೇ, ಅಕ್ಕನ ಹಾಸಿಗೆಯ ಪಕ್ಕದಲ್ಲೇ ಇದ್ದಳು. ನಾನು ಮಣ್ಣು ಕೊಡುವ ದಿನ ಬೆಳಿಗ್ಗೆ ಬಸ್ಸಿಳಿದು ಬಂದವನು. ಇಬ್ಬರೂ ಧಾರವಾಡಕ್ಕೆ ತಿರುಗಿ ಬಂದು ವಾರ ತುಂಬುವುದರೊಳಗೆ ಅವಳಿಗೆ ಜ್ವರ ಏರಿತು. ಸಾದಾ ಜ್ವರ ಅಲ್ಲ, ಮೆದುಳಿಗೇ ಬಾವು ಬಂದಿದೆ ಎಂದರು ಡಾಕ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ನನ್ನನ್ನು ಗುರುತಿಸುತ್ತಿದ್ದಳು, ಕೈಹಿಡಿದರೆ ನಡೆಯುತ್ತಿದ್ದಳು, ಸಾಲಿಗೆ ಹೋಗುವಾಗ ಯಾವ ಹುಡುಗಿ ತನ್ನ ಪಾಟಿ ಒಡೆದಳು ಎಂಬುದನ್ನೂ ಹೇಳುತ್ತಿದ್ದಳು. ಆದರೆ ಜ್ವರಕ್ಕೆ ಮುಂಚಿನ ಕೆಲವು ವಾರಗಳು ಪೂರ್ತಿ ಅಳಿಸಿಹೋಗಿದ್ದವು. ಮತ್ತೆ ಹೊಸದು ಯಾವುದೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಊಟದ ಹೊತ್ತಿಗೆ ಇಲ್ಲ.

ವಾರ್ಡಿನಲ್ಲಿ ಮಾತು ತಿರುಗಿದ ದಿನವೇ ಕೇಳಿದಳು: "ನಾಲ್ಕ ಆತಲ್ಲ, ಅಕ್ಕಗ ಫೋನ್ ಹಚ್ಚರಿ." ಮನೆಗಳಿಗೆ ಫೋನು ಬಂದಾಗಿನಿಂದ ಅಕ್ಕತಂಗಿಯರ ಹೊತ್ತು ಅದು. ನಾನು ಇದ್ದದ್ದನ್ನು ಹೇಳಿದೆ. ಅವಳು ಅತ್ತದ್ದನ್ನು ನೋಡಿ ಪಕ್ಕದ ಹಾಸಿಗೆಯವರೂ ಅತ್ತರು. ಮರುದಿನ ನಾಲ್ಕಕ್ಕೆ ಮತ್ತೆ, "ಅಕ್ಕಗ ಫೋನ್ ಹಚ್ಚರಿ." ಮತ್ತೆ ಹೇಳಿದೆ. ಮತ್ತೆ ಅದೇ ಅಳು, ಅದೇ ಮೊದಲನೆಯ ಸಲದ ಅಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ನಿಮಗ ಇದು ಹಳೇ ಸುದ್ದಿರಿ. ಅವರಿಗೆ ಪ್ರತಿ ಸಲಾನೂ ಈಗ ಬಂದ ಸುದ್ದಿ. ನೆನಪು ಸ್ವಲ್ಪ ನಿಲ್ಲೂ ತನಕಾ ಹೇಳಬ್ಯಾಡ್ರಿ" ಎಂದರು.

ಮನೆಗೆ ಬಂದ ಮೇಲೆ ಒಂದು ದಿನ ನಾನು ಹಾಲು ತರಲು ಹೋದಾಗ ಅವಳೇ ಫೋನು ತೆಗೆದು ಅಕ್ಕನ ಹೆಸರು ಒತ್ತಿಬಿಟ್ಟಳು. ನಾನು ಒಳಗೆ ಬರುವುದಕ್ಕೂ ನೀನು ಆ ಕಡೆ "ಹಲೋ" ಎನ್ನುವುದಕ್ಕೂ ಸರಿಹೋಯಿತು. ನಿನ್ನದೂ ನಿನ್ನ ಅವ್ವನದೂ ದನಿ ಒಂದೇ ಎಂಬುದು ಬೀಗರಿಗೆಲ್ಲ ಗೊತ್ತಿದ್ದ ಮಾತು. ಇವಳು "ಅಕ್ಕಾ!" ಎಂದು ಕೂಗಿದಳು. ಸ್ಪೀಕರಿನಲ್ಲಿ ಕೇಳಿಸಿತು: "ಹೂಂ ಚನ್ನಿ. ಊಟ ಆತೇನು?"

ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನನಗೇ ಒಂದು ಕ್ಷಣ ಕಸ್ತೂರೆವ್ವ ಬದುಕಿದ್ದಾರೆ ಅನಿಸಿತು.

ಅಂದಿನಿಂದ ನೀನು ಮಾಡಿದ್ದಕ್ಕೆ ನಾನು ಎಷ್ಟು ಕೈಮುಗಿದರೂ ಸಾಲದು. ಸತ್ತ ತಾಯಿಯ ಫೋನಿಗೆ ದಿನಾ ಚಾರ್ಜ್ ಮಾಡಿಕೊಂಡು ಶಾಲೆಗೆ ಒಯ್ದೆ. ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಶುದ್ಧ ಬರಹ ಹಚ್ಚಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಬಂದು ನಿಂತು, ಅವ್ವನ ದನಿಯಲ್ಲಿ ಮಾತಾಡಿದೆ. ಹೆತ್ತ ಮಗಳಿಗೆ ಅತ್ತು ಹಗುರಾಗುವ ಹಕ್ಕು ಇರುತ್ತದೆ. ಆ ಹಕ್ಕನ್ನು ನೀನು ನನ್ನ ಹೆಂಡತಿಗಾಗಿ ಬಿಟ್ಟುಕೊಟ್ಟೆ. ಇದನ್ನು ನಾನು ಸಾಯುವ ತನಕ ಮರೆಯುವವನಲ್ಲ.

ಈಗ ಹುಸ್ನಾಳ ವಿಷಯ. ನೀನು ಅವಳನ್ನು ನೋಡಿಲ್ಲ. ಗೋಕುಲ ರಸ್ತೆಯಲ್ಲಿ ಲೇತ್ ಮಷೀನು ಇಟ್ಟಿರುವ ನಿಜಾಮುದ್ದೀನನ ಮಗಳು, ಫಿಸಿಯೋಥೆರಪಿ ಓದಿದ್ದಾಳೆ. ಚಿಗವ್ವನ ಕಾಲಿಗೆ ಬಲ ಬರಿಸಲು ವಾರಕ್ಕೆರಡು ಸಲ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರುತ್ತಾಳೆ. ಒಳ್ಳೆಯ ಹುಡುಗಿ, ಬಾಯಿ ಜೋರು. ಬೇಸಿಗೆಯ ಮೊದಲಲ್ಲಿ ನಾನು ಪೇಪರಿನಲ್ಲಿ ಒಂದು ಸಣ್ಣ ಬರಹ ಓದಿದ್ದೆ. ಏನಾದರೂ ಹೊಸದನ್ನು ಕಲಿತ ಬೆನ್ನಿಗೆ ಸ್ವಲ್ಪ ಹೊತ್ತು ಮೈಗೆ ಚುರುಕು ವ್ಯಾಯಾಮ ಕೊಟ್ಟರೆ, ಕಲಿತದ್ದು ಹೆಚ್ಚು ನಿಲ್ಲಬಹುದು ಎಂದಿತ್ತು. ಕತ್ತರಿಸಿ ಇಟ್ಟು, ಹುಸ್ನಾ ಬಂದಾಗ ತೋರಿಸಿದೆ.

ಅವಳು ಓದಿ ನಕ್ಕಳು. "ಹೆಡ್ಡಿಂಗ್ ದೊಡ್ಡದೈತಿ ಕಾಕಾ. ಖರೇ ಅಂದ್ರ, ಇಂಥಾ ಪರೀಕ್ಷಾ ಮಾಡ್ಯಾರ, ಕೆಲವರಿಗೆ ಉಪಯೋಗ ಆಗೈತಿ, ಕೆಲವರಿಗೆ ಏನೂ ಆಗಿಲ್ಲ. ಅದರಾಗೂ ಭಾಳ ಮಂದಿ ಆರೋಗ್ಯ ಇದ್ದವರ ಮ್ಯಾಲ ಮಾಡಿದ್ದು. ಕಾಕಿಯಂಥವರಿಗೆ ಹೆಂಗಂತ ಯಾರೂ ಗ್ಯಾರಂಟಿ ಕಾರ್ಡ್ ಕೊಡೂದಿಲ್ಲ."

"ನುಕಸಾನ ಏನರ ಐತೇನು?" ಎಂದೆ.

"ಬೀಳಬಾರದು, ಬಿಪಿ ಏರಬಾರದು. ಡಾಕ್ಟರ್ರಿಗೆ ಕೇಳೂಣು. ಅವರು ಹೂಂ ಅಂದ್ರ ಹೆಂಗೂ ಕಾಲಿಗೆ ಛಲೋನ."

ಡಾಕ್ಟರು ಹೂಂ ಎಂದರು. ಚಿಗವ್ವ ಒಲ್ಲೆ ಎಂದಳು. ಹುಸ್ನಾ ಒಂದು ಮಣೆ ಇಟ್ಟು ಹತ್ತಿ ಇಳಿಯಲು ಹೇಳಿದರೆ ಸೊಂಟದ ಮೇಲೆ ಕೈ ಇಟ್ಟುಕೊಂಡು, "ನಾ ಏನ ಪೊಲೀಸ್ ಭರ್ತಿಗೆ ಹೊಂಟೇನೇನವಾ?" ಎಂದು ಕೇಳಿದಳು.

"ಈ ಎತ್ತರಕ್ಕ ನಿಮ್ಮನ್ನ ತಗೊಳ್ಳೂದೂ ಇಲ್ರಿ ಕಾಕಿ" ಎಂದಳು ಹುಸ್ನಾ. "ಇದು ಬ್ಯಾಡಂದ್ರ ಮತ್ತೇನ ಮಾಡ್ತೀರಿ, ನೀವ ಹೇಳ್ರಿ."

"ಫುಗಡಿ ಆಡತೇನಿ."

ನಾವಿಬ್ಬರೂ ಮುಖ ಮುಖ ನೋಡಿದೆವು. ಪಂಚಮಿಗೆ ನೀನೂ ಆಡಿದವಳೇ. ಎದುರುಬದುರು ನಿಂತು, ಕೈಗಳನ್ನು ಅಡ್ಡಡ್ಡ ಹಿಡಿದು, ಹಿಂದಕ್ಕೆ ವಾಲಿ ಗಿರ್ರನೆ ತಿರುಗುವ ಆಟ ಅರವತ್ತು ದಾಟಿದ, ಮೆದುಳಿಗೆ ಬಾವು ಬಂದು ಉಳಿದ ಹೆಂಗಸಿಗೆ ಹೇಗೆ ಹೇಳುವುದು? ಆದರೆ ಹುಸ್ನಾ ಅಲ್ಲಗಳೆಯಲಿಲ್ಲ. "ನಾನೂ ಆಡೇನ್ರಿ, ನಮ್ಮ ಓಣ್ಯಾಗ ಪಂಚಮಿಗೆ ನಮ್ಮನ್ನೂ ಕರೀತಿದ್ರು" ಎಂದು ಅದಕ್ಕೊಂದು ಬೇರೆ ರೂಪ ಕೊಟ್ಟಳು. ವಾಲುವಂತಿಲ್ಲ, ಗಿರ್ರನೆ ತಿರುಗುವಂತಿಲ್ಲ. ಕೈ ಹಿಡಿದು, ನೆಲ ತುಳಿಯುತ್ತ, ಹಗುರ ಸುತ್ತಬೇಕು. ಉಸಿರು ಜೋರಾಗಬೇಕು, ಮಾತಾಡುವಷ್ಟು ದಮ್ಮು ಉಳಿದಿರಬೇಕು. ತಲೆ ತಿರುಗಿದರೆ ಅಲ್ಲಿಗೇ ನಿಲ್ಲಬೇಕು. "ಜೋಡಿ ಯಾರು?" ಎಂದಾಗ ಇಬ್ಬರೂ ನನ್ನ ಕಡೆ ತಿರುಗಿದರು.

ನಿನ್ನ ಕಾಕಾ ಈ ವಯಸ್ಸಿನಲ್ಲಿ ಅಂಗಳದಲ್ಲಿ ಫುಗಡಿ ಆಡಿದ್ದಾನೆ ಎಂಬುದು ಮಾಳಮಡ್ಡಿಗೆಲ್ಲ ಗೊತ್ತು. ಎದುರುಮನೆಯ ಹನುಮಪ್ಪ ಮಾಸ್ತರು ಗೇಟಿನ ಮೇಲೆ ಗದ್ದ ಇಟ್ಟು ನಿಂತು, "ಏನಪಾ ರಾಜಶೇಖರ, ಪಂಚಮಿ ಇನ್ನಾ ದೂರ ಐತಿ. ಈಗಿಂದನ ಪ್ರ್ಯಾಕ್ಟೀಸೇನು?" ಎಂದರು. ಚಿಗವ್ವ ತಿರುಗುತ್ತಲೇ ಉತ್ತರ ಕೊಟ್ಟಳು: "ನಿಮ್ಮ ಮನಿಯವ್ರನ್ನೂ ಕಳಸ್ರಿ ಮಾಸ್ತರ, ಇವರ ಕಾಲ ಬರೇ ತಪ್ಪತಾವ."

ಅಂದು ಆಟ ಶುರುವಾಗುವ ಮುನ್ನ ಅವಳು ಎಂದಿನಂತೆ, "ನಿನ್ನ ಹೆಸರೇನವಾ?" ಎಂದು ಕೇಳಿದ್ದಳು. ಹುಸ್ನಾ ಎಂದಿನಂತೆ ಹೇಳಿದ್ದಳು. ಮುಂದಿನ ಸಲ ಆ ಹುಡುಗಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಕೂಗು ಬಂತು: "ಹುಸ್ನಾ ಬಂದ್ಲೇನ್ರಿ?"

ಹುಸ್ನಾ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಒಂದು ಸಲ ಆದದ್ದನ್ನು ನಾನು ಸುದ್ದಿ ಎನ್ನುವುದಿಲ್ಲ. ಅದಕ್ಕೇ ನಮ್ಮದೇ ಒಂದು ಪರೀಕ್ಷೆ ಹಚ್ಚಿಕೊಂಡೆ. ದಿನಾ ಬೆಳಿಗ್ಗೆ ಪೇಪರಿನಿಂದ ಒಂದು ಸಣ್ಣ ಸುದ್ದಿ ಓದಿ ಹೇಳುವುದು. ಎಲ್ಲೋ ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತಿದ್ದು, ಯಾವುದೋ ರಸ್ತೆಗೆ ಡಾಂಬರು ಬಿದ್ದದ್ದು, ಅಂಥವು. ಕೆಲವು ದಿನ ಓದಿದ ಬೆನ್ನಿಗೆ ಅಂಗಳಕ್ಕಿಳಿಯುವುದು, ಕೆಲವು ದಿನ ಸುಮ್ಮನೆ ಕೂಡುವುದು. ಮರುದಿನ ಕೇಳುವುದು. ಆಡಿದ ದಿನದ್ದು ಹೆಚ್ಚು ಸಲ ನಿಂತಿತ್ತು. ಎಲ್ಲವೂ ಅಲ್ಲ. ಎಮ್ಮೆ ನಿಂತಿತು, ಡಾಂಬರು ಹೋಯಿತು. ಕೂತ ದಿನದ್ದು ನಿಂತದ್ದು ಅಪರೂಪ. ಇದರಲ್ಲಿ ಔಷಧದ್ದೆಷ್ಟು, ಕಾಲದ್ದೆಷ್ಟು, ಫುಗಡಿಯದೆಷ್ಟು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಹುಸ್ನಾಗೂ ಬರುವುದಿಲ್ಲ. "ಯಾರಿಗೆ ಥ್ಯಾಂಕ್ಸ್ ಹೇಳಬೇಕಂತ ತಿಳೀದಿದ್ರ ಎಲ್ಲಾರಿಗೂ ಹೇಳಿಬಿಡ್ರಿ ಕಾಕಾ" ಎನ್ನುತ್ತಾಳೆ ಅವಳು. ಹಾಗೇ ಮಾಡುತ್ತಿದ್ದೇನೆ.

ನಾನು ಮುಂದಾಲೋಚಿಸದೇ ಹೋದದ್ದು ಒಂದಿತ್ತು. ಬಿಸಿಲು ಏರಿದಂತೆ ಬೆಳಗಿನ ಆಟ ಸಂಜೆಗೆ ಬಂತು. ಸಂಜೆ ಎಂದರೆ ಯಾವಾಗ? ನಾಲ್ಕರ ಫೋನು ಮುಗಿದ ಮೇಲೆ. ಅಕ್ಕನ ಜೊತೆ ಮಾತಾಡಿದ ಖುಷಿಯಲ್ಲಿ ಅವಳೇ ನನ್ನ ಕೈ ಹಿಡಿದು ಎಬ್ಬಿಸುತ್ತಿದ್ದಳು. ನನಗೆ ಹೊಳೆಯಲೇ ಇಲ್ಲ. ಹುಸ್ನಾಗೆ ಫೋನಿನ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವಳಿಗೆ ಹೊಳೆಯುತ್ತಿತ್ತೇನೋ. ಆಟಕ್ಕೆ ಮುಂಚೆ ಕೇಳಿದ್ದು ನಿಲ್ಲುತ್ತದೆ ಎಂದಾದರೆ, ಆಟಕ್ಕೆ ಮುಂಚೆ ಅವಳು ಕೇಳುತ್ತಿದ್ದದ್ದು ನಿನ್ನ ಮಾತು.

ಜೂನ್ ತಿಂಗಳಲ್ಲಿ ಒಂದು ದಿನ ಫೋನಿಟ್ಟು ನನ್ನ ಕಡೆ ನೋಡಿದಳು. "ಅಕ್ಕ ನಿನ್ನಿನೂ 'ಊಟ ಆತೇನ' ಅಂದ್ಲು. ಇವತ್ತೂ ಅಂದ್ಲು. ಚುರಮುರಿ ತಿನ್ನೂ ಹೊತ್ತಿನ್ಯಾಗ ಊಟಾ ಯಾಕ ಕೇಳ್ತಾಳ?"

ನಿನ್ನೆಯ ಮಾತು ಅವಳಿಗೆ ನೆನಪಿತ್ತು! ಕುಣಿದಾಡಬೇಕಾದ ಸುದ್ದಿ. ನನಗೆ ಬೆವರು ಬಂತು. ನೀನು ಅಳುತ್ತ ಫೋನ್ ಮಾಡಿದ್ದು ಅದೇ ವಾರ. ಒಂದು ಕಡೆ ನಿನ್ನ ಪ್ರಶ್ನೆ, ಇನ್ನೊಂದು ಕಡೆ ಇವಳ ಪ್ರಶ್ನೆ. ನಿಜ ಹೇಳಿದರೆ ಮತ್ತೆ ಆಸ್ಪತ್ರೆಯ ಆ ಅಳು ದಿನಾ ಶುರುವಾದರೆ ಏನು ಮಾಡುವುದು ಎಂಬ ಭಯ ನನಗೆ. ಅದಕ್ಕೇ ತಡಿ ಎಂದೆ.

ಆಮೇಲೆ ಅವಳು ಅಕ್ಕನ ಮಾತನ್ನು ಗಮನಿಸತೊಡಗಿದಳು. "ಅಕ್ಕ ಭಾಳ ಮೆತ್ತಗಾಗ್ಯಾಳರಿ" ಎಂದಳು ಒಂದು ದಿನ. ಇನ್ನೊಂದು ದಿನ, "ವಾರಾತು, ಒಂದ ಸಲಾನೂ ನನ್ನ ಬೈದಿಲ್ಲ" ಎಂದಳು. ನಾನು, "ವಯಸ್ಸಾತಲ್ಲ, ಶಾಂತ ಆಗ್ಯಾರ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನಿನ್ನ ಅವ್ವ ಶಾಂತವಾಗುವುದು! ಮದುವೆಯಾದ ಹೊಸದರಲ್ಲಿ ನನ್ನೆದುರಿಗೇ ಇವಳಿಗೆ, "ತಲಿ ಐತೋ ಕುಂಬಳಕಾಯಿ ಐತೋ" ಎಂದು ಅಡುಗೆಮನೆಯಲ್ಲಿ ಗದರಿಸಿದವರು. ತಾಯಿ ಇಲ್ಲದ ತಂಗಿಯನ್ನು ಬೈದೇ ದೊಡ್ಡವಳನ್ನಾಗಿ ಮಾಡಿದವರು. ನೀನು ಅವರ ದನಿ ತಂದೆ, ಗತ್ತು ತಂದೆ, "ಚನ್ನಿ" ಎನ್ನುವುದನ್ನೂ ತಂದೆ. ಆದರೆ ಚಿಗವ್ವನನ್ನು ಬೈಯುವುದು ನಿನ್ನ ನಾಲಿಗೆಗೆ ಹೇಗೆ ಬಂದೀತು? ನಿನ್ನನ್ನು ಹಾಗೆ ಬೆಳೆಸಿದವರೂ ಅವರೇ ಅಲ್ಲವೇ.

ಈ ಸೋಮವಾರ ಅವಳು ಫೋನಿನಲ್ಲಿ ಹೇಳಿದ್ದು ನಿನಗೆ ನೆನಪಿರಬೇಕು. "ಅಕ್ಕಾ, ಈ ವರ್ಷದ್ದು ಮಾವಿನ ಉಪ್ಪಿನಕಾಯಿ ಪೂರಾ ಕೆಟ್ಟ ಹೋತು. ಒದ್ದಿ ಚಮಚಾ ಹಾಕಿಬಿಟ್ಟಿದ್ದೆ." ನಮ್ಮ ಮನೆಯ ಉಪ್ಪಿನಕಾಯಿ ಕೆಟ್ಟಿಲ್ಲ, ಭರಣಿ ತುಂಬ ಹಾಗೇ ಇದೆ. ಇವಳೇಕೆ ಹೀಗೆ ಹೇಳುತ್ತಿದ್ದಾಳೆ ಎಂದು ನಾನು ನೋಡುತ್ತಿದ್ದೆ. ನೀನು, "ಇರಲಿ ಬಿಡ ಚನ್ನಿ, ಮತ್ತ ಹಾಕಿದ್ರಾತು" ಎಂದೆ. ಅವಳು "ಹೂಂ" ಎಂದು ಮೆಲ್ಲಗೆ ಫೋನಿಟ್ಟಳು. ಆ ದಿನ ಫುಗಡಿ ಆಡಲು ನಾನು ಎದ್ದೇಳುವ ಮೊದಲೇ ಅವಳು ಅಂಗಳದಲ್ಲಿ ನಿಂತಿದ್ದಳು. ಎಂದಿಗಿಂತ ಜೋರಾಗಿ ಕಾಲು ತುಳಿದಳು. ಈ ಒಂದು ಮಾತು ನಾಳೆಗೆ ಉಳಿಯಲೇಬೇಕು ಎಂದು ಹಟ ಹಿಡಿದವಳ ಹಾಗೆ. ಅಂದು ನನಗೆ ಹಾಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ.

ಮಂಗಳವಾರ ನಾಲ್ಕಾದರೂ ಅವಳು ಫೋನು ಕೇಳಲಿಲ್ಲ. ಜಿಟಿಜಿಟಿ ಮಳೆ ನಿಂತು ಅಂಗಳದ ಫರಸಿ ಕಲ್ಲು ಒಣಗುತ್ತಿತ್ತು. ಕಟ್ಟೆಯ ಮೇಲೆ ಕೂತು, "ಏನ್ರಿ, ಇಲ್ಲಿ ಬರ್ರಿ" ಎಂದು ಕರೆದಳು. ಹೋಗಿ ಕೂತೆ.

"ಅಕ್ಕ ಇಲ್ಲ, ಹೌದಲ್ರಿ?"

ನನ್ನ ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಒದ್ದಿ ಚಮಚಾ ಹಾಕೇನಿ ಅಂದ್ರ ಅಕ್ಕ ಬಾಗಲಕೋಟ್ಯಾಗಿಂದ ಬಸ್ ಹತ್ತಿ ಬಂದು ಬಡೀತಿದ್ಲು. ಆ ಹುಡುಗಿ ಇರಲಿ ಬಿಡು ಅಂತು. ನನಗ ನಿನ್ನಿನ ಗೊತ್ತಾತು. ರಾತ್ರಿ ಮಲಗಿದಾಗೂ ನೆನಪಿತ್ತು, ಎದ್ದಾಗೂ ನೆನಪಿತ್ತು. ಭಾಗ್ಯಾ ಅಲ್ಲೇನು ಮಾತಾಡೂದು?"

"ಹೌದು" ಎಂದೆ. "ಅಕ್ಕ ಹೋಗಿ ವರ್ಷ ಆಗಾಕ ಬಂತು."

ಅವಳು ಅತ್ತಳು. ಆದರೆ ಆಸ್ಪತ್ರೆಯ ಅಳು ಅಲ್ಲ ಅದು. ಅದು ಎದೆ ಒಡೆದು ಬಂದದ್ದು. ಇದು ಎಲ್ಲೋ ಒಳಗೆ ಕಟ್ಟಿ ನಿಂತದ್ದು ದಾರಿ ಸಿಕ್ಕು ಹರಿದಂತೆ. ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನ ನನಗ ಮೊದಲ ಹೇಳಿದ್ರೇನು?" ಎಂದು ಕೇಳಿದಳು.

"ಹೇಳಿದ್ದೆ. ನಿಲ್ಲಲಿಲ್ಲ."

"ಎಷ್ಟ ಸಲ ಹೇಳಿದ್ರಿ?"

"ಅದೆಲ್ಲಾ ಯಾಕೀಗ."

ನನ್ನ ಮುಖ ನೋಡಿದಳು. ಆಮೇಲೆ ಎದ್ದು ನಿಂತು ಎರಡೂ ಕೈ ಚಾಚಿದಳು. "ಬರ್ರಿ."

"ಇವತ್ತ ಬ್ಯಾಡ, ಮಲಕೋ" ಎಂದೆ.

"ಇವತ್ತ ಬೇಕು. ನಾಳೆ ನಾ ಮತ್ತ ಕೇಳಬಾರದು. ನೀವ ಮತ್ತ ಹೇಳಬಾರದು. ಆ ಹುಡುಗಿ ಮತ್ತ ಅಕ್ಕ ಆಗಬಾರದು. ಬರ್ರಿ, ಏಳ್ರಿ."

ಎದ್ದೆ. ಕೈ ಅಡ್ಡಡ್ಡ ಹಿಡಿದೆವು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಕಾಲು ತುಳಿಯುತ್ತಲೇ ಇತ್ತು. ಹನುಮಪ್ಪ ಮಾಸ್ತರು ಗೇಟಿನ ಹತ್ತಿರ ಬಂದವರು ಹಾಗೇ ತಿರುಗಿ ಹೋದರು. ಸಾಕು ಎಂದು ಅವಳು ನಿಂತಾಗ ಇಬ್ಬರಿಗೂ ದಮ್ಮು ಹತ್ತಿತ್ತು. ಕಟ್ಟೆಯ ಮೇಲೆ ಕೂತು ನೀರು ಕುಡಿದೆವು.

ಬುಧವಾರ ಬೆಳಿಗ್ಗೆ ಪೇಪರು ಬಂದು ಬಿದ್ದಿತ್ತು, ನಾನು ಬಿಚ್ಚಿರಲಿಲ್ಲ. ಜೀವನದಲ್ಲಿ ಪೇಪರು ಬಿಚ್ಚದೆ ಕೂತದ್ದು ನೆನಪಿಲ್ಲ. ಅವಳು ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ ಚಹಾ ತಂದಳು. ಬಸಿ ನನ್ನ ಕೈಗೆ ಕೊಟ್ಟು, "ಅಕ್ಕನ ಫೋಟೋ ಎಲ್ಲಿ ಮುಚ್ಚಿಟ್ಟೀರಿ? ತಗೀರಿ. ಗ್ವಾಡಿಗೆ ಹಾಕೂಣು" ಎಂದಳು.

ಬೀರುವಿನ ತಳದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ತೆಗೆದು ಒರೆಸಿ ಕೊಟ್ಟೆ. ಈಗ ಅದು ದೇವರಮನೆಯ ಬಾಗಿಲ ಪಕ್ಕದಲ್ಲಿದೆ. ಗುರುವಾರವೂ, ಶುಕ್ರವಾರವೂ, ಇವತ್ತೂ ಅವಳು ಎದ್ದ ಕೂಡಲೇ ಅದನ್ನು ನೋಡಿ ಕೈಮುಗಿದದ್ದನ್ನು ನೋಡಿದೆ. ಯಾರು ಎಂದು ಕೇಳಲಿಲ್ಲ, ಯಾಕೆ ಹಾಕಿದ್ದೀರಿ ಎಂದೂ ಕೇಳಲಿಲ್ಲ. ಆದ್ದರಿಂದ ಈಗ ಬರೆಯಬಹುದು: ಸುದ್ದಿ ಖಚಿತವಾಗಿದೆ. ಹುಸ್ನಾಗೂ ನಿನ್ನೆ ಎಲ್ಲ ಹೇಳಿದೆ. ಅವಳು ಚಿಗವ್ವನನ್ನು ತಬ್ಬಿಕೊಂಡು, "ಕಾಕಿ, ನೀವು ಪಾಸ್" ಎಂದಳು. "ಪೊಲೀಸ್ ಭರ್ತಿಗೇನು?" ಎಂದಳು ನಿನ್ನ ಚಿಗವ್ವ. ಮಣೆಯ ಜಗಳವೂ ಅವಳಿಗೆ ನೆನಪಿದೆ.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ, ಮಗಳೇ. ಇನ್ನು ನೀನು ಕಸ್ತೂರೆವ್ವನಾಗಬೇಕಾಗಿಲ್ಲ. ಆ ಫೋನನ್ನು ಬಂದ್ ಮಾಡಿ ಒಳಗಿಡು. ಅವ್ವನಿಗಾಗಿ ನೀನು ಈಗ ಅಳಬಹುದು. ಒಬ್ಬಳೇ ಅಳಬೇಡ.

ಇದೇ ತಿಂಗಳ ಕೊನೆಗೆ ಪಂಚಮಿ. ಶೇಂಗಾ ಸುಲಿದದ್ದು ಅದಕ್ಕೇ. ಉಂಡಿ ಕಟ್ಟುವಾಗ ಬೆಲ್ಲ ಹಾಕಿದ್ದು ಮರೆತು ಎರಡು ಸಲ ಹಾಕಿದರೂ ಹಾಕಬಹುದು, ಅಷ್ಟು ಮರೆವು ಇನ್ನೂ ಇದೆ. ಸಿಹಿ ಹೆಚ್ಚಾದರೆ ಸುಮ್ಮನೆ ತಿನ್ನು. ಅವಳು ಹೇಳಿ ಬರೆಸಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಅವ್ವ ಹೋದ ಮ್ಯಾಲ ಪಂಚಮಿಗೆ ತವರಮನಿ ಎಲ್ಲೀದು ಅಂತ ಅಕಿ ಕುಂತಿರತಾಳ. ಚಿಗವ್ವ ಇನ್ನಾ ಸತ್ತಿಲ್ಲಂತ ಬರೀರಿ. ಲಗೂನ ಬಾ ಅಂತ ಬರೀರಿ. ಜೋಕಾಲಿ ಕಟ್ಟಸ್ತೇನಿ ಅಂತ ಬರೀರಿ." ಉದಯಕುಮಾರನಿಗೆ ರಜೆ ಸಿಗದಿದ್ದರೆ ನೀನೊಬ್ಬಳೇ ಬಾ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ.

ನೀನು ಮಾಡಿದ ಉಪಕಾರಕ್ಕೆ ದೇವರು ನಿನಗೆ ಸುಖ, ಆಯುಷ್ಯ, ಒಳ್ಳೆಯ ನಿದ್ದೆ ಕೊಡಲಿ. ಉದಯಕುಮಾರನಿಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ ಕಾಕಾ,
ರಾಜಶೇಖರ

ತಾ. ಕ. — ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಉಳಿದಿದೆ, ಅದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಹೊಸದು ನಿಲ್ಲುತ್ತಿದೆಯೇ ಹೊರತು ಹೋದದ್ದು ಬಂದಿಲ್ಲ. ಅಕ್ಕನ ಪಕ್ಕದಲ್ಲಿ ಕೂತ ಆ ಕೊನೆಯ ವಾರ, ಮಣ್ಣು ಕೊಟ್ಟದ್ದು, ಯಾವುದೂ ಅವಳ ಹತ್ತಿರ ಇಲ್ಲ. ಅವು ಯಾವ ಫುಗಡಿಗೂ ಬರುವುದಿಲ್ಲ ಎಂದು ಹುಸ್ನಾ ಸ್ಪಷ್ಟವಾಗಿ ಹೇಳಿದ್ದಾಳೆ. ಬುಧವಾರದಿಂದ ಅವಳು ನನಗೆ ಕೇಳುತ್ತಿರುವುದು ಒಂದೇ: "ಅಕ್ಕ ಕಡೀಕ ನನಗ ಏನಂದ್ಲು?" ನಾನು ಅಲ್ಲಿರಲಿಲ್ಲ, ನನಗೆ ಗೊತ್ತಿಲ್ಲ ಎಂದೆ. ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ಚೆನ್ನಾಗಿ ನೆನಪಿದೆ. ಆದರೂ ದಿನಾ ನಾಲ್ಕು ಗಂಟೆಗೆ ಕೇಳುತ್ತಾಳೆ. ಅವಳನ್ನು ಬಿಟ್ಟರೆ ಆ ಕೋಣೆಯಲ್ಲಿ ಇದ್ದವಳು ನೀನೊಬ್ಬಳೇ. ಬಂದು ಹೇಳು. ಕಸ್ತೂರೆವ್ವ ಬೈದಿದ್ದರೆ ಬೈಗುಳವನ್ನೇ ಹೇಳು, ಒಂದಕ್ಷರ ಮೆತ್ತಗೆ ಮಾಡಬೇಡ. ಹೇಳಿದ ಕೂಡಲೇ ಕೈ ಹಿಡಿದು ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗು. ಆ ದಿನ ಅವಳ ಜೋಡಿ ನಾನಲ್ಲ, ನೀನು.